ಗ್ಯಾರೇಜ್ ಕಟ್ಟೆ: ಅಜ್ಜನ ಅಂಬಾಸಿಡರ್ ಎಂಜಿನ್ ಮನೇಲೇ ಬಿಚ್ಚಬಹುದಾ?

ಹೋದ ಸಂಚಿಕೆಯಲ್ಲಿ ನನ್ನ 1969ರ ಅಂಬಾಸಿಡರ್ ಮಾರ್ಕ್ 2 ಗಾಡಿಯ ಎಂಜಿನ್ನನ್ನು ಮನೆ ಹಿಂದಿನ ಕೊಟ್ಟಿಗೆಯಲ್ಲಿ ನಾನೇ ಬಿಚ್ಚಿ ಕಟ್ಟಿದ ಕತೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಒಂದು ಕೈಚೀಲ ತುಂಬಿವೆ. ಐಟಿಐನಲ್ಲಿ 31 ವರ್ಷ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿದವನು ನಾನು. ಆಗ ಹುಡುಗರು ಪ್ರಶ್ನೆ ಕೇಳಲಿ ಅಂತ ಕಾಯುತ್ತಿದ್ದೆ, ಅವರು ಬೆಲ್ ಹೊಡೆಯಲಿ ಅಂತ ಕಾಯುತ್ತಿದ್ದರು. ಈಗ ಕೇಳುವವರು ತಾವಾಗೇ ಬಂದಿದ್ದೀರಿ, ಬಿಡುತ್ತೇನಾ? ಹೆಸರು ಹಾಕಬೇಡಿ ಅಂತ ಸುಮಾರು ಜನ ಬರೆದಿದ್ದಾರೆ. ಖರ್ಚಿನ ವಿಷಯ ಮನೆಯವರಿಗೆ ಗೊತ್ತಾಗಬಾರದಂತೆ. ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮಜ್ಜನ 1967ರ ಅಂಬಾಸಿಡರ್ 16 ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಗ್ಯಾರೇಜಿನವರು ಬೇರೆ ಎಂಜಿನ್ ಹಾಕಿಸಿ ಅಂತಾರೆ. ಇದೇ ಎಂಜಿನ್ನನ್ನು ಮನೆಯಲ್ಲೇ ಸರಿ ಮಾಡಬಹುದಾ? (ಸಾಗರ)

ಮಾಡಬಹುದು. ಆದರೆ ಮೊದಲು ಆ ಹ್ಯಾಂಡಲ್ ಕೆಳಗಿಡಿ. ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಯೋಚನೆಯಂತೂ ಬೇಡವೇ ಬೇಡ.

ಸಾಗರದ ಮಳೆಯಲ್ಲಿ ಏನಾಗಿರುತ್ತದೆ ಅಂದ್ರೆ, ಗಾಡಿ ನಿಂತಾಗ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಕ್ಕೆ ತೇವದ ಗಾಳಿ ಹೋಗಿರುತ್ತದೆ. ಅಲ್ಲಿ ಪಿಸ್ಟನ್ ಸುತ್ತಲಿನ ರಿಂಗು ತುಕ್ಕು ಹಿಡಿದು ಬೋರಿಗೆ, ಅಂದ್ರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಂಡಿರುತ್ತದೆ. ನಾಲ್ಕರಲ್ಲಿ ಒಂದೋ ಎರಡೋ ಹೀಗಾಗಿರುವುದೇ ಜಾಸ್ತಿ. ನಾಲ್ಕೂ ಪ್ಲಗ್ ಬಿಚ್ಚಿ. ಎಟಿಎಫ್, ಅಂದ್ರೆ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ, ಅದಕ್ಕೆ ಅಷ್ಟೇ ಅಸಿಟೋನ್ ಬೆರೆಸಿ ಒಂದೊಂದು ಸಿಲಿಂಡರಿಗೂ ಕಾಲು ಲೋಟ ಸುರಿಯಿರಿ. ಬೀಡಿ, ಬೆಂಕಿ ಹತ್ತಿರ ಬರಬಾರದು. ಅಸಿಟೋನ್ ಸಿಗದಿದ್ದರೆ ಡೀಸೆಲ್ ಆದರೂ ಸರಿ. ವಾರ ಬಿಡಿ. ಮತ್ತೆ ಸುರಿಯಿರಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಇಬ್ಬರು ಹಿಂದೆ ಮುಂದೆ ತೂಗಿ. ತೊಟ್ಟಿಲು ತೂಗಿದ ಹಾಗೆ, ಎತ್ತಿನಗಾಡಿ ಕೆಸರಿನಿಂದ ಎಬ್ಬಿಸಿದ ಹಾಗಲ್ಲ. ಕೂದಲೆಳೆಯಷ್ಟು ಅಲುಗಿದರೆ ಗೆದ್ದ ಹಾಗೆ. ಅಲುಗದಿದ್ದರೆ ಹೆಡ್, ಅಂದ್ರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿಚ್ಚಿ, ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು.

ಬೇರೆ ಎಂಜಿನ್ ಹಾಕಿಸಿ ಅನ್ನುವುದು ಸುಲಭದ ಮಾತು. ನಿಮ್ಮದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಎಂಜಿನ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿಗೆ ಹಾಕುತ್ತಿದ್ದುದೇ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿಗೆ ಬಂತು. ಬ್ಲಾಕೂ ಬೀಡು (ಎರಕದ ಕಬ್ಬಿಣ), ಹೆಡ್ಡೂ ಬೀಡು. ಇದನ್ನು ಡಿಸೈನ್ ಮಾಡಿದವರು ಬಿಚ್ಚುವವನ ಕಷ್ಟವನ್ನೂ ಯೋಚಿಸಿದ್ದರು. ಪಿಸ್ಟನ್ನನ್ನು ಕ್ರಾಂಕ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ನೇರ ಸೀಳಿಲ್ಲ, ಓರೆಯಾಗಿ ಸೀಳಿದೆ. ಅದಕ್ಕೇ ರಾಡು ಬೋರಿನೊಳಗಿಂದ ಪಿಸ್ಟನ್ ಸಮೇತ ಮೇಲಕ್ಕೆ ಬರುತ್ತದೆ. ಮೊದಲ ಸಲ ಹಾಗೆ ಎಳೆದು ತೆಗೆದಾಗ ನನ್ನ ವಿದ್ಯಾರ್ಥಿಗಳು ಬಾವಿಯಿಂದ ಕೊಡ ಬಂದಷ್ಟು ಖುಷಿಪಡುತ್ತಿದ್ದರು.

ಇನ್ನು ಮನೆಯಲ್ಲಿ ಏನೇನು ಮಾಡಬಹುದು ಅಂದ್ರೆ: ಬಿಚ್ಚುವುದು, ತೊಳೆಯುವುದು, ಅಳೆಯುವುದು, ಕಟ್ಟುವುದು. ಲೋಹ ಕೆತ್ತುವ ಕೆಲಸ ಬಂದರೆ, ಅಂದ್ರೆ ಬೋರಿಂಗ್ (ಸವೆದ ಬೋರನ್ನು ಅಗಲಿಸುವುದು), ಕ್ರಾಂಕ್ ಗ್ರೈಂಡಿಂಗ್ (ಕ್ರಾಂಕ್ ದಂಡಕ್ಕೆ ಸಾಣೆ ಹಿಡಿಯುವುದು), ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು), ಇವೆಲ್ಲ ಲೇತಿನವರಿಗೆ. ನಾನೂ ಹಾಗೇ ಮಾಡಿದ್ದು. ಆದರೆ ಲೇತಿನ ಅಂಗಡಿಗೆ ಹೋಗುವಾಗ ಅಳತೆ ನಿಮ್ಮ ಚೀಟಿಯಲ್ಲಿ ಇರಬೇಕು. ಚೀಟಿ ಇಲ್ಲದೆ ಹೋದರೆ ಅವರು ಹೇಳಿದ್ದೇ ಅಳತೆ.

ಸ್ಪ್ಯಾನರ್ ವಿಷಯ ಮರೆಯಬೇಡಿ. ಈ ಎಂಜಿನ್ನಿಗೆ ಇಂಚಿನ ಸ್ಪ್ಯಾನರ್ ಬೇಕು. ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಸ್ಪ್ಯಾನರ್ ಕೂರುತ್ತದೆ, ಕೂತ ಹಾಗೆ ಮಾಡುತ್ತದೆ. ಬಿಗಿ ಇರುವ ನಟ್ಟಾದರೆ ಮೂಲೆ ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಎಂಜಿನ್ ಇಳಿಸುವಾಗ ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟುವ ಐಡಿಯಾ ನಿಮಗೂ ಬಂದಿರುತ್ತದೆ, ನನಗೂ ಬಂದಿತ್ತು. ಒಂದೂವರೆ ಕ್ವಿಂಟಾಲಿನ ಆಸುಪಾಸಿನ ತೂಕ ಅದು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ತೂಗುತ್ತಿರುವ ಎಂಜಿನ್ ಕೆಳಗೆ ಕೈಕಾಲು ಇಡಬೇಡಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಅಪ್ಪನ ಜೊತೆ ಸೇರಿ ಅಂಬಾಸಿಡರ್ ಎಂಜಿನ್ ಬಿಚ್ಚಿದ್ದೇವೆ. ನೋಡಿದ ಮೆಕ್ಯಾನಿಕ್ ಒಬ್ಬರು "ಬೋರಿಂಗ್ ಆಗಲೇಬೇಕು" ಅಂದರು, ಇನ್ನೊಬ್ಬರು "ರಿಂಗ್ ಹಾಕ್ರಿ ಸಾಕು" ಅಂದರು. ನಮ್ಮ ಹತ್ತಿರ ಬೋರ್ ಗೇಜ್ ಇಲ್ಲ. ಯಾರ ಮಾತು ಕೇಳಲಿ? (ಹುಬ್ಬಳ್ಳಿ)

ಇಬ್ಬರ ಮಾತೂ ಬೇಡ ತಾಯಿ, ಒಂದು ಹಳೇ ರಿಂಗು ಮತ್ತು ಫೀಲರ್ ಗೇಜ್ ತಗೋ. ಫೀಲರ್ ಗೇಜ್ ಅಂದ್ರೆ ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿಗಳು, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸಾವಿರಾರು ರೂಪಾಯಿ ಸಾಮಾನೇನಲ್ಲ.

ಬೋರು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಗಡೆ, ರಿಂಗು ಬಂದು ವಾಪಸು ತಿರುಗುವ ಜಾಗದಲ್ಲಿ ಜಾಸ್ತಿ ಸವೆಯುತ್ತದೆ. ತೀರಾ ಕೆಳಗೆ ರಿಂಗು ಮುಟ್ಟುವುದೇ ಇಲ್ಲ, ಅಲ್ಲಿ ಸವೆತ ಇಲ್ಲವೆಂದೇ ಲೆಕ್ಕ. ಬೋರಿನ ಬಾಯಿಯಿಂದ ಸ್ವಲ್ಪ ಒಳಗೆ ಉಗುರು ಆಡಿಸಿ ನೋಡು, ಒಂದು ಅಂಚು ತಗಲುತ್ತದೆ. ಸವೆತ ಶುರುವಾಗುವುದು ಅಲ್ಲಿಂದ.

ಈಗ ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳು. ಹಾಗೆ ತಳ್ಳಿದರೆ ರಿಂಗು ಓರೆಯಾಗುವುದಿಲ್ಲ. ತೀರಾ ಕೆಳಗೆ ಒಯ್ದು ರಿಂಗಿನ ಎರಡು ತುದಿ ನಡುವಿನ ಸಂದಿಯನ್ನು ಗೇಜಿನಿಂದ ಅಳೆ. ಆಮೇಲೆ ಆ ಅಂಚಿನ ಕೆಳಗೇ ಇಟ್ಟು ಅಳೆ. ನನ್ನ ಗಾಡಿಯ ಮೂರನೇ ಸಿಲಿಂಡರಿನಲ್ಲಿ ಕೆಳಗೆ 14 ಥೌ ಇತ್ತು, ಮೇಲೆ 42 ಥೌ. (ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಅಂಗಡಿ ಭಾಷೆ ಇದು, ರೂಢಿ ಮಾಡಿಕೋ.) ವ್ಯತ್ಯಾಸ 28. ಅದನ್ನು 3.14ರಿಂದ ಭಾಗಿಸು, ಸುಮಾರು 9 ಬಂತು. ಬೋರಿನ ವ್ಯಾಸ ಮೇಲ್ಗಡೆ ಅಷ್ಟು ಹಿಗ್ಗಿದೆ ಅಂತ ಅರ್ಥ. ಸಂದಿ ಇರುವುದು ಸುತ್ತಳತೆಯಲ್ಲಿ, ನಮಗೆ ಬೇಕಾದದ್ದು ವ್ಯಾಸ, ಅದಕ್ಕೇ ಈ ಭಾಗಾಕಾರ. ಹೈಸ್ಕೂಲಿನಲ್ಲಿ ಪೈ ಯಾಕೆ ಕಲಿಸಿದರು ಅಂತ ಕೇಳುತ್ತಿದ್ದೆಯಲ್ಲ, ಇದಕ್ಕೆ.

ನನ್ನ ಲೆಕ್ಕ ಹೀಗೆ: 5 ಥೌ ಒಳಗಿದ್ದರೆ ಹೋನಿಂಗ್ (ಬೋರನ್ನು ಸಾಣೆಕಲ್ಲಿನಿಂದ ಹಗುರಾಗಿ ಉಜ್ಜುವುದು) ಮಾಡಿಸಿ ಹೊಸ ರಿಂಗು. 8 ದಾಟಿದರೆ ಬೋರಿಂಗ್. ನಡುವೆ ಇದ್ದರೆ ಅಪ್ಪನ ಜೇಬು ನೋಡಿ ತೀರ್ಮಾನ. ಈ ಉಪಾಯದಲ್ಲಿ ಒಂದು ಕೊರತೆ ಇದೆ. ಬೋರು ಮೊಟ್ಟೆ ಆಕಾರಕ್ಕೆ ಸವೆದಿದ್ದರೆ ರಿಂಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೋರ್ ಗೇಜೇ ಬೇಕು. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಇದ್ದೇ ಇರುತ್ತದೆ, ಕೇಳು. ಅದರ ಡಬ್ಬಿ ಯಾರೂ ತೆರೆದಿರುವುದಿಲ್ಲ, ಅಷ್ಟೇ.

ಬೋರಿಂಗ್ ಅಂತ ಆದರೆ ನಾನು ಮಾಡಿದ ತಪ್ಪು ನೀನು ಮಾಡಬೇಡ. ಬ್ಲಾಕನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ "40 ಥೌ ಹೊಡೀರಿ" ಅಂದೆ. ಹೊಡೆದರು, ಚೆನ್ನಾಗೇ ಹೊಡೆದರು. ಆಮೇಲೆ 40 ಓವರ್‌ಸೈಜ್ ಪಿಸ್ಟನ್ ಹುಡುಕಲು ಹೊರಟೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ. 20 ಇದೆ, 30 ಇದೆ, 40 ಇಲ್ಲ. ಏಳು ತಿಂಗಳು ಬ್ಲಾಕಿಗೆ ಎಣ್ಣೆ ಸವರಿ, ಹಳೇ ಬೆಡ್‌ಶೀಟ್ ಹೊದಿಸಿ ಕಾದೆ. ಕೊನೆಗೆ ನಾಲ್ಕು ಬೋರಿಗೂ ಸ್ಲೀವ್ (ಒಳಗೆ ಕೂರಿಸುವ ಕೊಳವೆ) ಹಾಕಿಸಿ, ಸ್ಟ್ಯಾಂಡರ್ಡ್ ಸೈಜಿಗೇ ತಂದೆ. ಲೇತಿನವರ ತಪ್ಪೇನಿಲ್ಲ ಅದರಲ್ಲಿ. ಪಿಸ್ಟನ್ ಮೊದಲು ಕೈಗೆ ಬರಬೇಕು. ಆ ಪಿಸ್ಟನ್ನನ್ನೇ ಲೇತಿನವರ ಮೇಜಿನ ಮೇಲಿಟ್ಟು, ಅದನ್ನು ಅಳೆದು, ಪಿಸ್ಟನ್ ಕಂಪನಿ ಹೇಳಿದ ಕ್ಲಿಯರೆನ್ಸ್ ಬಿಟ್ಟು ಬೋರು ಹೊಡೆಸಬೇಕು. ಐಟಿಐನಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ನನ್ನ ಸ್ವಂತ ಗಾಡಿ ಬಂದಾಗ ಅವಸರ.

ಹೊಸ ರಿಂಗಿನ ಸಂದಿಯನ್ನೂ ಬೋರಿನಲ್ಲಿಟ್ಟು ಅಳೆ. ಬೋರಿನ ಒಂದಿಂಚಿಗೆ ಸುಮಾರು 4 ಥೌ ಲೆಕ್ಕ. ಈ ಎಂಜಿನ್ನಿನ ಬೋರು 73 ಎಂಎಂ, ಅಂದ್ರೆ ಮೂರಿಂಚಿಗೆ ಸ್ವಲ್ಪ ಕಮ್ಮಿ. 11-12 ಥೌ ಬಂದರೆ ಸರಿ. ಕಮ್ಮಿ ಇದ್ದರೆ ಅರದಿಂದ ತುದಿ ಉಜ್ಜು. ಸಂದಿ ಸಾಲದಿದ್ದರೆ ಬಿಸಿಯಾದಾಗ ತುದಿಗೆ ತುದಿ ಕೂಡಿ ರಿಂಗು ಬೋರನ್ನು ಗೀರುತ್ತದೆ.

ಇನ್ನೊಂದು. ಕ್ರಾಂಕನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪು, ರಾಡಿನ ಕ್ಯಾಪು ಬಿಚ್ಚುವ ಮೊದಲೇ ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದಿದ್ದೀರಾ? ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಹೊಡೆದಿಲ್ಲ ಅಂದ್ರೆ ಹಳೇ ನಂಬರು ಇದೆಯಾ ನೋಡಿ. ಒಂದರ ಕ್ಯಾಪು ಇನ್ನೊಂದಕ್ಕೆ ಹಾಕಬಾರದು. ಜೋಡಿಸಿಯೇ ಬೋರು ಹೊಡೆದಿರುತ್ತಾರೆ, ಬೇರೆಯದಕ್ಕೆ ಹಾಕಿದರೆ ದುಂಡಗಿರುವುದಿಲ್ಲ. ಟ್ಯಾಪೆಟ್ಟುಗಳನ್ನು, ಅಂದ್ರೆ ವಾಲ್ವ್ ತೆರೆಸುವ ಸಣ್ಣ ಭಾಗಗಳನ್ನು, ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಡಿ, ಯಾವುದು ಎಲ್ಲಿತ್ತೋ ಅಲ್ಲೇ ಹೋಗಬೇಕು.

ಪ್ರಶ್ನೆ: ನಾವು ಮುಂಬೈ ಕನ್ನಡಿಗರು. ನಮ್ಮದು ಪ್ರೀಮಿಯರ್ ಪದ್ಮಿನಿ. ನೀವು ಬರೆದದ್ದು ಅದಕ್ಕೂ ಆಗುತ್ತಾ? (ಡೊಂಬಿವಿಲಿ)

ಕ್ರಮ ಆಗುತ್ತದೆ, ಅಳತೆ ಆಗುವುದಿಲ್ಲ. ಅದು ಫಿಯೆಟ್ 1100ರ ಎಂಜಿನ್, 1089 ಸಿಸಿ, ಬೋರು 68 ಎಂಎಂ. ನಿಮ್ಮೂರಿನ ಕುರ್ಲಾದಲ್ಲೇ ಆಗುತ್ತಿದ್ದ ಗಾಡಿ. ಅದರ ಹೆಡ್ ಅಲ್ಯೂಮಿನಿಯಂ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಹೆಡ್ ನಟ್ಟು ಮುಟ್ಟಬೇಡಿ, ಬಿಸಿಯಲ್ಲಿ ಬಿಚ್ಚಿದರೆ ಸೊಟ್ಟಗಾಗುತ್ತದೆ. ಸ್ಟಡ್ಡಿಗೆ ಕಚ್ಚಿಕೊಂಡು ಬರದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಸುಮ್ನೆ ಬಿಡಿ. ಮುಂಬೈನ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಆ ಟ್ಯಾಕ್ಸಿಗಳ ಕೆಲಸ ಮಾಡುತ್ತಿದ್ದ ಮಿಸ್ತ್ರಿಗಳು ಇನ್ನೂ ಅಲ್ಲೇ ಇದ್ದಾರಲ್ಲ. ನನಗೆ ಬರೆಯುವ ಬದಲು ಅವರಿಗೊಂದು ಚಾ ಕುಡಿಸಿ.

ಪ್ರಶ್ನೆ: ಹಳೇ ಎಂಜಿನ್ನಿಗೆ ಈಗಿನ ಪೆಟ್ರೋಲ್ ಆಗುವುದಿಲ್ಲ ಅಂತಾರೆ. ಸೀಸ ಇಲ್ಲ, ಮೇಲೆ ಎಥನಾಲ್ ಬೇರೆ. ಹೊಸದಾಗಿ ಕಟ್ಟುವಾಗಲೇ ಏನಾದರೂ ಮಾಡಿಸಬೇಕಾ? (ಮಂಡ್ಯ)

ಎರಡು ಬೇರೆ ಬೇರೆ ವಿಷಯ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅಂಬಾಸಿಡರ್ ಹೆಡ್ಡಿನಲ್ಲಿ ವಾಲ್ವ್ ಕೂರುವ ಸೀಟು ಬೇರೆ ಇಲ್ಲ, ಬೀಡಿನಲ್ಲೇ ಕೆತ್ತಿದ್ದಾರೆ. ಸೀಸ ಅದಕ್ಕೆ ಮೆತ್ತೆ ಇದ್ದ ಹಾಗೆ ಕೆಲಸ ಮಾಡುತ್ತಿತ್ತು. ಅದಿಲ್ಲದೆ ಜೋರಾಗಿ ಓಡಿಸಿದರೆ ಎಗ್ಸಾಸ್ಟ್ ಸೀಟು ಸವೆದು ವಾಲ್ವು ಒಳಕ್ಕೆ ಇಳಿಯುತ್ತದೆ. ಇಳಿಯುತ್ತಿದೆಯಾ ಅಂತ ತಿಳಿಯಲು ಹೆಡ್ ಬಿಚ್ಚಬೇಕಿಲ್ಲ. ಟ್ಯಾಪೆಟ್ ಸಂದಿ, ಅಂದ್ರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ, ತಾನಾಗೇ ಕಮ್ಮಿಯಾಗುತ್ತಾ ಹೋಗುತ್ತದೆ. ಸವೆದರೆ ಸಂದಿ ಜಾಸ್ತಿಯಾಗಬೇಕಲ್ವಾ ಅಂತ ಅನ್ನಿಸುತ್ತದೆ, ಇಲ್ಲಿ ಉಲ್ಟಾ. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವ ಗಾಡಿಯಾದರೆ ಏನೂ ಮಾಡಿಸಬೇಡಿ. ಹೆಡ್ಡು ಹೇಗೂ ಲೇತಿಗೆ ಹೋಗಿದ್ದು, ಸೀಟೂ ಹಾಳಾಗಿದ್ದರೆ ಗಟ್ಟಿ ಸೀಟ್ ರಿಂಗ್ ಕೂರಿಸಿಬಿಡಿ.

ಎಥನಾಲ್ ವಿಷಯಕ್ಕೆ ನಾನು ಸ್ವಲ್ಪ ಹೆದರುತ್ತೇನೆ. ಈಗ ಬಂಕಿನಲ್ಲಿ ಶೇ. 20ರ ತನಕ ಬೆರೆಸಿದ್ದು ಬರುತ್ತಿದೆ. ಹಳೇ ರಬ್ಬರು ಅದಕ್ಕೆ ತಡೆಯುವುದಿಲ್ಲ. ಪೆಟ್ರೋಲ್ ಪೈಪು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಾಮ್ ಉಬ್ಬುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಾ? ಎಥನಾಲಿಗೆ ತಡೆಯುವ ಪೈಪು, ಡಯಾಫ್ರಾಮ್ ಕೇಳಿ ಹಾಕಿಸಿ. ಕಾರ್ಬುರೇಟರನ್ನು ಒಂದು ಚೂರು ರಿಚ್ ಇಡಿ, ಅಂದ್ರೆ ಗಾಳಿಗೆ ಪೆಟ್ರೋಲ್ ತುಸು ಜಾಸ್ತಿ ಬೆರೆಯಲಿ. ಎರಡು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಥನಾಲ್ ನೀರು ಎಳೆದುಕೊಳ್ಳುತ್ತದೆ.

ಪ್ರಶ್ನೆ: ಎಂಜಿನ್ ಕಟ್ಟಿ ಆಯಿತು. ಟ್ಯಾಪೆಟ್ ಸೆಟ್ ಮಾಡಿದರೂ ಟಕಟಕ ನಿಂತಿಲ್ಲ. (ಚಿಕ್ಕಮಗಳೂರು)

ಅಂಬಾಸಿಡರ್ ಎಂಜಿನ್ನಿಗೆ ಒಂಬತ್ತರ ಮಗ್ಗಿ ಅಂತ ನಾನು ಹೇಳಿಕೊಡುತ್ತಿದ್ದೆ. ವಾಲ್ವುಗಳನ್ನು ಮುಂದಿನಿಂದ 1ರಿಂದ 8ರ ತನಕ ಎಣಿಸಿ. ಪ್ಲಗ್ ಬಿಚ್ಚಿ, ಮುಂದಿನ ಹ್ಯಾಂಡಲಿನಿಂದ ಎಂಜಿನ್ ತಿರುಗಿಸಿ. 8ನೆಯದು ಪೂರ್ತಿ ಕೆಳಗೆ ಒತ್ತಿಕೊಂಡಾಗ 1ನೆಯದನ್ನು ಸೆಟ್ ಮಾಡಿ. 7 ಒತ್ತಿದಾಗ 2. 6 ಒತ್ತಿದಾಗ 3. ಹೀಗೆ ಯಾವಾಗಲೂ ಕೂಡಿದರೆ 9 ಬರಬೇಕು. ನನ್ನ ಗಾಡಿಗೆ 15 ಥೌ ಇಡುತ್ತೇನೆ, ನಿಮ್ಮದರ ಮ್ಯಾನ್ಯುಯಲ್ ನೋಡಿಕೊಳ್ಳಿ.

ಇದನ್ನೆಲ್ಲ ಸರಿ ಮಾಡಿಯೂ ಟಕಟಕ ಇದ್ದರೆ ರಾಕರ್ ಬಿಚ್ಚಿ, ವಾಲ್ವ್ ತಲೆಗೆ ಬಡಿಯುವ ಜಾಗ ನೋಡಿ. ಬೆಳಕಿಗೆ ಓರೆ ಹಿಡಿದರೆ ಅಲ್ಲೊಂದು ಸಣ್ಣ ಗುಂಡಿ ಕಾಣುತ್ತದೆ, ರುಬ್ಬುಗುಂಡಿನ ಒರಳು ಸವೆದ ಹಾಗೆ. ಫೀಲರ್ ಗೇಜಿನ ಪಟ್ಟಿ ಚಪ್ಪಟೆ. ಅದು ಗುಂಡಿಯ ಎರಡು ದಂಡೆ ಮೇಲೆ ಸೇತುವೆ ಥರ ಕೂರುತ್ತದೆ, ಗುಂಡಿಯ ಆಳ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಗೇಜು 15 ಅನ್ನುತ್ತದೆ, ಒಳಗೆ 20 ಇರುತ್ತದೆ. ರಾಕರ್ ಮುಖ ಗ್ರೈಂಡ್ ಮಾಡಿಸಿ, ಇಲ್ಲ ಬದಲಾಯಿಸಿ.

ಪ್ರಶ್ನೆ: ಫುಲ್ ಎಂಜಿನ್ ಕೆಲಸ ಆದ ಮೇಲೂ ಗೇರ್‌ಬಾಕ್ಸ್ ಮುಂದಿನ ಬೆಲ್ ಹೌಸಿಂಗ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತದೆ. ನನಗೆ ಮೋಸ ಆಯಿತಾ? (ತುಮಕೂರು)

ರಾತ್ರಿಗೆ ನಾಲ್ಕೈದು ತೊಟ್ಟಾದರೆ ಮೋಸ ಅಲ್ಲ, ಜಾತಕ. ಅಂಬಾಸಿಡರ್ ಎಂಜಿನ್ನಿನ ಕ್ರಾಂಕಿನ ಹಿಂದಿನ ತುದಿಗೆ ರಬ್ಬರ್ ಆಯಿಲ್ ಸೀಲೇ ಇಲ್ಲ. ಕ್ರಾಂಕಿನ ಮೇಲೆ ತಿರುಪಿನ ಥರ ತೋಡು ಕೆತ್ತಿದ್ದಾರೆ. ತಿರುಗುವಾಗ ಅದು ಆಯಿಲನ್ನು ಒಳಕ್ಕೆ ವಾಪಸು ತಳ್ಳುತ್ತದೆ. ನಿಂತಾಗ ತಳ್ಳುವವರು ಯಾರು? ಅಲ್ಲಿಂದ ಜಿನುಗುತ್ತದೆ. ಬೆಲ್ ಹೌಸಿಂಗಿನ ಅಡಿಯ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿದ್ದರೆ ಕಿತ್ತು ಬಿಸಾಡಬೇಡಿ. ತೂತು ಕಟ್ಟದಿರಲಿ ಅಂತ ಹಾಕಿದ್ದು ಅದು. ಕೆಳಗೊಂದು ತಗಡಿನ ತಟ್ಟೆ ಇಡಿ. ಬೆಳಿಗ್ಗೆ ಅಂಗೈ ಅಗಲ ಕೊಚ್ಚೆಯಾದರೆ ಮಾತ್ರ ಬರೆಯಿರಿ.

ಪ್ರಶ್ನೆ: ಎಂಜಿನ್ ಕೆಲಸ ಮಾಡಿಸಿದರೆ ವಿಂಟೇಜ್ ರಿಜಿಸ್ಟ್ರೇಶನ್ ಸಿಗುವುದಿಲ್ಲವಂತೆ, ಹೌದಾ? (ಮಂಗಳೂರು)

2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ವಿಎ ಅಕ್ಷರದ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಮಾರ್ಪಾಡು ಮಾಡಿ ದೊಡ್ಡ ಓವರ್‌ಹಾಲ್ ಆಗಿರಬಾರದು ಅಂತ ಷರತ್ತಿದೆ. ನಾನು ಅರ್ಥ ಮಾಡಿಕೊಂಡಂತೆ ಅದೇ ಬ್ಲಾಕಿಗೆ ರಿಂಗು, ಬೇರಿಂಗು ಹಾಕುವುದು ರಿಪೇರಿ. ಡೀಸೆಲ್ ಎಂಜಿನ್ ಕೂರಿಸುವುದು ಮಾರ್ಪಾಡು. ಎಂಜಿನ್ ನಂಬರು ಅಳಿಸದಂತೆ ನೋಡಿಕೊಳ್ಳಿ, ಬಿಲ್ಲು, ಫೋಟೋ ಇಟ್ಟುಕೊಳ್ಳಿ, ಆರ್‌ಟಿಒದಲ್ಲಿ ಒಮ್ಮೆ ಕೇಳಿಯೇ ಮುಂದುವರಿಯಿರಿ. ವಿಎ ನಂಬರು ಹಾಕಿಸಿದ ಮೇಲೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ. ತರಕಾರಿಗೆ ಹೋಗಲು ಗಾಡಿ ಬೇಕು ಅನ್ನುವವರು ಆ ಕಡೆ ಹೋಗಬೇಡಿ. ನಾನು ಹೋಗಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ನಿಮ್ಮ ಲೇಖನ ಓದಿ ಎಂಜಿನ್ ಬಿಚ್ಚಿದ್ದಾರೆ. ಕ್ರಾಂಕೋ ಎಂಥದೋ ಒಂದು ದೊಡ್ಡ ಕಬ್ಬಿಣವನ್ನು ದೇವರ ಮನೆ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಮಲಗಿಸಿ ಮಂಚದ ಕೆಳಗೆ ತಳ್ಳಿ ಅಂದರೆ ಕೇಳುವುದಿಲ್ಲ. ನೀವಾದರೂ ಹೇಳಿ. (ಬಸವನಗುಡಿ)

ಅಮ್ಮಾ, ಈ ಒಂದು ವಿಷಯದಲ್ಲಿ ಅವರದೇ ಸರಿ. ಕ್ರಾಂಕನ್ನು ತಿಂಗಳುಗಟ್ಟಲೆ ಹೇಗೆಂದರೆ ಹಾಗೆ ಮಲಗಿಸಿದರೆ ತನ್ನ ಭಾರಕ್ಕೇ ಬಾಗಬಹುದು ಅಂತ ನಮ್ಮ ಕಡೆ ನಿಲ್ಲಿಸಿಯೇ ಇಡುತ್ತಾರೆ. ಆದರೆ ದೇವರ ಮನೆಯಲ್ಲೇ ಯಾಕೆ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನದು ಅಡುಗೆಮನೆ ಬಾಗಿಲ ಹಿಂದೆ ಇತ್ತು. ಬೀಳದ ಹಾಗೆ ಹಗ್ಗದಿಂದ ಕಟ್ಟಿಸಿ, ಕಾಲ ಮೇಲೆ ಬಿದ್ದರೆ ಕಷ್ಟ. ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿದ್ದಾರಾ ನೋಡಿ, ಇಲ್ಲದಿದ್ದರೆ ಅಭಿಷೇಕದ ನೀರು ಹಾರಿ ತುಕ್ಕು ಹಿಡಿಯುತ್ತದೆ. ಆಯುಧಪೂಜೆಯ ತನಕ ಗಡುವು ಕೊಡಿ. ಅವತ್ತು ಅರಿಶಿನ ಕುಂಕುಮ ಹಚ್ಚುವುದು ಎಂಜಿನ್ನಿನೊಳಗೆ ಕೂತಿರುವ ಕ್ರಾಂಕಿಗೇ ಹೊರತು ಮೂಲೆಯಲ್ಲಿರುವುದಕ್ಕಲ್ಲ ಅಂತ ಖಡಾಖಂಡಿತ ಹೇಳಿ. ನಮ್ಮ ಮನೆಯಲ್ಲಿ ಹಾಗೇ ಹೇಳಿದ್ದು. ನಾನು ಎರಡು ಆಯುಧಪೂಜೆ ತಪ್ಪಿಸಿದೆ.